ಅರ್ಜಿ ಹಾಕದೇ ಇರುವ ಹಕ್ಕು

ನಮ್ಮೂರ ಹಾಲಿನ ಡೈರಿ ಮುಂದೆ ಬೆಳಗ್ಗೆ ಆರೂವರೆಗೆಲ್ಲ ಕ್ಯಾನುಗಳ ಸಾಲು ನಿಂತಿರುತ್ತೆ. ಚಿಕ್ಕಪ್ಪ ಹಾಲು ಸುರಿದ ಎರಡೇ ನಿಮಿಷಕ್ಕೆ ಮೆಷಿನ್ನಿಂದ ಒಂದು ಚೀಟಿ ಬರುತ್ತೆ. ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಲೀಟರಿಗೆ ಏನು ರೇಟು, ಒಟ್ಟು ಎಷ್ಟು ರೂಪಾಯಿ, ಎಲ್ಲ ಅದರಲ್ಲಿರುತ್ತೆ. ಅರ್ಜಿ ಇಲ್ಲ, ಫೀಸಿಲ್ಲ, ‘ನಾಳೆ ಬನ್ನಿ’ ಇಲ್ಲ. ಫ್ಯಾಟ್ ಕಮ್ಮಿ ಬಂದ ದಿನ ಚಿಕ್ಕಪ್ಪ ಸೆಕ್ರೆಟರಿ ಜೊತೆ ಜಗಳ ಆಡ್ತಾನೆ. ಆದರೆ ಜಗಳ ಆಡೋಕೆ ಕೈಯಲ್ಲಿ ಚೀಟಿ ಇರುತ್ತೆ.

ಅದೇ ಡೈರಿಯಿಂದ ಅರ್ಧ ಕಿಲೋಮೀಟರ್ ನಡೆದರೆ ನಮ್ಮೂರ ಕೆರೆ. 2019ರ ಬೇಸಿಗೆಯಲ್ಲಿ ಅಲ್ಲಿ ಹೂಳೆತ್ತುವ ಕಾಮಗಾರಿ ನಡೀತು. ಜೆಸಿಬಿ ಬಂತು, ನಾಲ್ಕು ದಿನ ಕೆದಕಿತು, ಹೋಯ್ತು. ಏರಿ ಮೇಲೆ ನೆಟ್ಟಿದ್ದ ಬೋರ್ಡಿನಲ್ಲಿ ಮೊತ್ತದ ಕಾಲಂ ಖಾಲಿ ಇತ್ತು. ಎಷ್ಟು ಹೂಳು ತೆಗೆದರು, ಎಷ್ಟು ಬಿಲ್ ಆಯ್ತು ಅಂತ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ಭಾನುವಾರ ನಾನು ಊರಿಗೆ ಹೋಗಿದ್ದಾಗ ಚಿಕ್ಕಪ್ಪ ಕೇಳಿದ: “ಇವೆಲ್ಲ ಈಗ ಕಂಪ್ಯೂಟರ್ನಾಗೆ ಇರ್ತಾವಂತಲ್ಲ, ನೋಡ್ಲಾ ಮಗ.”

ನೋಡಿದೆ. ಕಂಪ್ಯೂಟರಿನಲ್ಲಿ ಇತ್ತು. ಆದರೆ ನನಗೂ ಕಾಣಿಸುವಂತಿರಲಿಲ್ಲ, ಚಿಕ್ಕಪ್ಪನಿಗೂ ಕಾಣಿಸುವಂತಿರಲಿಲ್ಲ. ಇದು ನನಗೆ ಹೇಗೆ ಗೊತ್ತು ಅನ್ನೋದನ್ನ ಆಮೇಲೆ ಹೇಳ್ತೀನಿ. ಈ ಬರಹ ಬರೀಲೇಬೇಕು ಅನ್ನಿಸಿದ್ದು ಅದಕ್ಕೇ.

ಮಾಹಿತಿ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ಕ್ಕೆ. 2025ರ ಅಕ್ಟೋಬರಿಗೆ ಇಪ್ಪತ್ತು ವರ್ಷ ತುಂಬಿತು. ಹುಟ್ಟುಹಬ್ಬಕ್ಕೆ ಬಂದ ಲೇಖನಗಳನ್ನೆಲ್ಲ ಓದಿದೆ. ಹೊಗಳಿದವರು ಎಷ್ಟು ಜನ ಅರ್ಜಿ ಹಾಕಿದರು ಅಂತ ಹೊಗಳಿದರು. ತೆಗಳಿದವರು ಎಷ್ಟು ಅರ್ಜಿ ಕೊಳೀತಿವೆ ಅಂತ ತೆಗಳಿದರು. ಎರಡೂ ಕಡೆಯವರು ಕಾಯ್ದೆಯನ್ನು ಅಳೆದದ್ದು ಅರ್ಜಿಯಿಂದಲೇ. ನನ್ನ ತಕರಾರು ಅಲ್ಲಿದೆ. ಅರ್ಜಿಗಳ ಲೆಕ್ಕ ಈ ಕಾಯ್ದೆಯ ಸ್ಕೋರ್ ಕಾರ್ಡ್ ಅಲ್ಲ, ಬಗ್ ಲಿಸ್ಟ್.

ಇದು ನನ್ನ ಸ್ವಂತ ತರ್ಕ ಅಲ್ಲ, ಕಾಯ್ದೆಯೇ ಹೇಳಿರೋದು. ಸೆಕ್ಷನ್ 4(2) ಓದಿ. ಸಾರ್ವಜನಿಕ ಪ್ರಾಧಿಕಾರಗಳು ತಾವಾಗಿಯೇ, ನಿಯಮಿತವಾಗಿ, ಇಂಟರ್ನೆಟ್ಟೂ ಸೇರಿದಂತೆ ಬೇರೆ ಬೇರೆ ದಾರಿಯಲ್ಲಿ ಮಾಹಿತಿ ಕೊಡುತ್ತಿರಬೇಕು, ಜನ ಮಾಹಿತಿಗಾಗಿ ಈ ಕಾಯ್ದೆಯ ಮೊರೆ ಹೋಗುವ ಪ್ರಸಂಗ ಅತಿ ಕಡಿಮೆ ಇರಬೇಕು ಅನ್ನುತ್ತೆ ಅದು. ತನ್ನನ್ನು ಯಾರೂ ಹೆಚ್ಚಾಗಿ ಬಳಸಬೇಕಾಗಿ ಬರದಿರಲಿ ಅಂತ ಆಸೆಪಡುವ ಕಾಯ್ದೆ ಇದು. ಸೆಕ್ಷನ್ 6ರ ಅರ್ಜಿ, ಸೆಕ್ಷನ್ 7ರ ಮೂವತ್ತು ದಿನ, ಸೆಕ್ಷನ್ 19ರ ಮೇಲ್ಮನವಿ, ಇವೆಲ್ಲ ಎಕ್ಸೆಪ್ಶನ್ ಹ್ಯಾಂಡ್ಲಿಂಗ್. ಮೇನ್ ಪ್ರೋಗ್ರಾಮ್ ಸೆಕ್ಷನ್ 4. ನಾವು ಮೇನ್ ಪ್ರೋಗ್ರಾಮ್ ಬರೆಯದೇ ಇಪ್ಪತ್ತು ವರ್ಷ ಬರೀ ಎಕ್ಸೆಪ್ಶನ್‌ಗಳನ್ನೇ ಓಡಿಸಿದ್ದೀವಿ.

ಸೆಕ್ಷನ್ 4ನ್ನು ಒಬ್ಬ ಇಂಜಿನಿಯರ್ ಆಗಿ ಓದಿದರೆ ಖುಷಿಯಾಗುತ್ತೆ. 4(1)(ಎ) ಹೇಳುತ್ತೆ: ಎಲ್ಲ ದಾಖಲೆಗಳನ್ನು ಪಟ್ಟಿ ಮಾಡಿ, ಇಂಡೆಕ್ಸ್ ಮಾಡಿ, ಕಂಪ್ಯೂಟರೀಕರಣ ಮಾಡಬಹುದಾದ್ದನ್ನೆಲ್ಲ ಮಾಡಿ, ದೇಶದಾದ್ಯಂತ ನೆಟ್‌ವರ್ಕಿನಲ್ಲಿ ಸಿಗುವ ಹಾಗಿಡಬೇಕು. 4(1)(ಬಿ)ಯಲ್ಲಿ ಹದಿನೇಳು ಬಾಬುಗಳ ಪಟ್ಟಿ ಇದೆ. ನೌಕರರ ಸಂಬಳ, ಬಜೆಟ್ಟು ಮತ್ತು ಖರ್ಚು, ಸಬ್ಸಿಡಿ ಯೋಜನೆಗಳ ಫಲಾನುಭವಿಗಳು, ಪರ್ಮಿಟ್ಟು ರಿಯಾಯಿತಿ ಪಡೆದವರ ವಿವರ, ತೀರ್ಮಾನ ತಗೊಳ್ಳುವ ವಿಧಾನ, ಎಲ್ಲವೂ ಅದರಲ್ಲಿದೆ. ಇದನ್ನೆಲ್ಲ ಪ್ರಕಟಿಸೋಕೆ ಕಾಯ್ದೆ ಕೊಟ್ಟ ಗಡುವು 120 ದಿನ. ಆಮೇಲೆ ಪ್ರತಿ ವರ್ಷ ಅಪ್‌ಡೇಟ್ ಮಾಡಬೇಕು. 4(4)ರ ಪ್ರಕಾರ ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನೂ ಗಮನದಲ್ಲಿಟ್ಟುಕೊಳ್ಳಬೇಕು. ಇಷ್ಟು ಸ್ಪಷ್ಟವಾದ ರಿಕ್ವೈರ್‌ಮೆಂಟ್ ಡಾಕ್ಯುಮೆಂಟು ನನಗೆ ಯಾವ ಕ್ಲೈಂಟೂ ಕೊಟ್ಟಿಲ್ಲ.

ಈಗ ಯಾವುದಾದರೂ ಇಲಾಖೆಯ ವೆಬ್‌ಸೈಟ್ ತೆಗೆದು ‘4(1)(ಬಿ)’ ಅಂತ ಬರೆದ ಲಿಂಕ್ ಒತ್ತಿ ನೋಡಿ. ಹೆಚ್ಚಿನ ಕಡೆ ಒಂದು ಪಿಡಿಎಫ್ ಇಳಿಯುತ್ತೆ. ಪ್ರಿಂಟ್ ತೆಗೆದು, ಸಹಿ ಸೀಲು ಹಾಕಿ, ಮತ್ತೆ ಸ್ಕ್ಯಾನ್ ಮಾಡಿದ ಪಿಡಿಎಫ್. ಪುಟಗಳು ಓರೆ. ಹೆಸರಿರುವ ಅಧಿಕಾರಿ ವರ್ಗವಾಗಿಯೋ ನಿವೃತ್ತಿಯಾಗಿಯೋ ಎಷ್ಟೋ ಕಾಲ ಆಗಿರುತ್ತೆ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕಡತವಾಗಿದ್ದರೆ ಕಾಪಿ ಮಾಡಿದ ಕನ್ನಡ ‘PÀ£ÀßqÀ’ ಥರದ ಚಿತ್ರಲಿಪಿಯಾಗಿ ಪೇಸ್ಟ್ ಆಗುತ್ತೆ, ಗೂಗಲ್ಲಿಗೂ ಸಿಗಲ್ಲ. ‘ಇಲಾಖೆಯ ಧ್ಯೇಯೋದ್ದೇಶಗಳು’ ಅನ್ನುವ ಪುಟ ಮಾತ್ರ ಚೆನ್ನಾಗಿರುತ್ತೆ. ಹದಿನೇಳು ಬಾಬುಗಳಲ್ಲಿ ಯಾರಿಗೂ ತೊಂದರೆ ಆಗದ್ದು ತುಂಬಿರುತ್ತವೆ. ದುಡ್ಡಿನದು ಬಂದ ತಕ್ಷಣ ‘ಅನ್ವಯಿಸುವುದಿಲ್ಲ’ ಅಥವಾ ‘ಕಚೇರಿಯಲ್ಲಿ ಲಭ್ಯ’. ಕಾನೂನಿನ ಪ್ರಕಾರ ಪ್ರಕಟವಾಗಿದೆ, ಬಾಕ್ಸ್ ಟಿಕ್ ಆಗಿದೆ. ಓದೋಕೆ ಮಾತ್ರ ಆಗಲ್ಲ.

ಈ ಕಾಯ್ದೆ ಹುಟ್ಟಿದ್ದು ಓದಲು ಸಿಗದ ಕಾಗದದ ಜಗಳದಿಂದಲೇ. ರಾಜಸ್ಥಾನದ ದೇವಡುಂಗ್ರಿ ಅನ್ನೋ ಹಳ್ಳಿಯಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಅಲ್ಲಿನ ಕೂಲಿಕಾರರು ಸೇರಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಕಟ್ಟಿದರು. ಕೂಲಿಯವರು ಕನಿಷ್ಠ ಕೂಲಿ ಕೇಳಿದಾಗ, ನೀವು ಅಷ್ಟು ಕೆಲಸ ಮಾಡಿಲ್ಲ, ದಾಖಲೆಯಲ್ಲಿ ಹಾಗಿದೆ ಅಂತ ಉತ್ತರ ಬರುತ್ತಿತ್ತು. ಹಾಗಾದರೆ ದಾಖಲೆ ತೋರಿಸಿ ಅಂದರೆ ಅದು ಸರ್ಕಾರಿ ಗುಟ್ಟು. 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾದಲ್ಲಿ ಮೊದಲ ಜನ ಸುನ್ವಾಯಿ ನಡೆಯಿತು. ಹೇಗೋ ಸಿಕ್ಕ ದಾಖಲೆಗಳನ್ನು ಊರಿನ ಮುಂದೆ ಗಟ್ಟಿಯಾಗಿ ಓದಿದರು, ಅಷ್ಟೇ. ಅಂಥ ಸಭೆಗಳಲ್ಲಿ ಮಸ್ಟರ್ ರೋಲ್ ಓದುತ್ತಾ ಹೋದ ಹಾಗೆ ಸತ್ತವರೂ ಊರು ಬಿಟ್ಟವರೂ ಕೂಲಿ ಪಡೆದದ್ದು ಹೊರಗೆ ಬಂತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕೂತರು. ಅವರ ಘೋಷಣೆ ಸರಳ: ದುಡ್ಡು ನಮ್ಮದು, ಲೆಕ್ಕ ನಮಗೆ ಕೊಡಿ. ಅರ್ಜಿ ಹಾಕುವ ಅವಕಾಶ ಕೊಡಿ ಅಂತ ಅಲ್ಲ, ಲೆಕ್ಕ ಕೊಡಿ ಅಂತ.

ನಾವೂ ಹಿಂದೆ ಬಿದ್ದವರಲ್ಲ. ಕೇಂದ್ರದ ಕಾಯ್ದೆಗಿಂತ ಮೊದಲೇ ತಮಿಳುನಾಡು, ಗೋವಾ, ರಾಜಸ್ಥಾನ ಮುಂತಾದ ರಾಜ್ಯಗಳ ಜೊತೆ ಕರ್ನಾಟಕವೂ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಆದರೆ ಕೇಂದ್ರದ ಕಾಯ್ದೆ ಬಂದ ಮೇಲೆ ಅದರ ಕೆಳಗೆ ನಾವು ಮಾಡಿಕೊಂಡ ನಿಯಮಗಳಲ್ಲಿ ಒಂದು ವಿಚಿತ್ರ ಸೇರಿತು. 2008ರಿಂದ ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕೇಂದ್ರದ 2012ರ ನಿಯಮದಲ್ಲಿ 500 ಪದಕ್ಕೆ ಅವಕಾಶ ಇದೆ. ಕನ್ನಡದವರಿಗೆ ಇದರಲ್ಲಿ ಒಂದು ಸಣ್ಣ ಲಾಭ ಉಂಟು. ‘ಕೊಡಲಾಗಿಲ್ಲವೆಂದಾದರೆ’ ಅನ್ನೋದು ನಮ್ಮಲ್ಲಿ ಒಂದೇ ಪದ. ಇಂಗ್ಲಿಷಿನವರು ಅಷ್ಟು ಹೇಳೋಕೆ ನಾಲ್ಕೈದು ಪದ ಖರ್ಚು ಮಾಡಬೇಕು. ತಮಾಷೆ ಬಿಡಿ. ಪ್ರಶ್ನೆಗೆ ಪದಮಿತಿ ಹಾಕಿದವರು ಉತ್ತರಕ್ಕೆ ಯಾವ ಮಿತಿಯನ್ನೂ ಹಾಕಿಲ್ಲ. ಉತ್ತರ ಎಷ್ಟು ಗಿಡ್ಡವಾದರೂ ಆಗಬಹುದು.

ಚಿಕ್ಕಪ್ಪನಿಗೆ ಬಂದ ಉತ್ತರ ಹಾಗೇ ಇತ್ತು. ನಮೂನೆ ‘ಎ’ ತುಂಬಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ರಿಜಿಸ್ಟರ್ ಪೋಸ್ಟ್ ಮಾಡಿದ್ದೆವು. ಕೇಳಿದ್ದು ಮೂರು: ಅಂದಾಜು ಪಟ್ಟಿ, ಅಳತೆ ಪುಸ್ತಕದ ಆ ಕಾಮಗಾರಿಯ ಪುಟಗಳು, ಮತ್ತು ಆ ವರ್ಷ ನಮ್ಮ ಪಂಚಾಯ್ತಿ ವ್ಯಾಪ್ತಿಯ ಎಲ್ಲ ಕೆರೆ ಕಾಮಗಾರಿಗಳ ಬಿಲ್ ಪಾವತಿ ಪಟ್ಟಿ. ಇಪ್ಪತ್ತೊಂಬತ್ತನೇ ದಿನ ಕಾಗದ ಬಂತು. ಸರ್ಕಾರಿ ಕನ್ನಡಕ್ಕೆ ಅದೊಂದು ಒಳ್ಳೇ ಮಾದರಿ. ವಿಷಯ, ಉಲ್ಲೇಖ, ಮತ್ತೆ ಅದೇ ವಿಷಯ, ಕೊನೆಗೆ ಒಂದೇ ವಾಕ್ಯ. ತಾವು ಕೋರಿರುವ ಮಾಹಿತಿಯು ಕೋರಿರುವ ರೂಪದಲ್ಲಿ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲವೆಂದೂ, ಕ್ರೋಢೀಕರಿಸಿ ನೀಡಲು ಅವಕಾಶವಿರುವುದಿಲ್ಲವೆಂದೂ ಈ ಮೂಲಕ ತಿಳಿಯಪಡಿಸಲಾಗಿದೆ.

ಈ ವಾಕ್ಯದಲ್ಲಿ ಕರ್ತೃ ಇಲ್ಲ. ಯಾರೂ ನಿರಾಕರಿಸಿಲ್ಲ. ಮಾಹಿತಿಯೇ ತಾನಾಗಿ ‘ಲಭ್ಯವಿರುವುದಿಲ್ಲ’. ಇದೆಯೋ ಕಳೆದಿದೆಯೋ ಕೊಡಲ್ಲವೋ, ಮೂರೂ ಅರ್ಥಕ್ಕೆ ಒಂದೇ ಕ್ರಿಯಾಪದ. ಮಾತಾಡುವ ಕನ್ನಡದಲ್ಲಿ ಹೀಗೆ ಹೇಳೋಕೆ ಬರಲ್ಲ. ‘ಇಲ್ಲ’ ಅಂದರೆ ಎದುರಿನವನು ‘ಎಲ್ಲಿ ಹೋಯ್ತು?’ ಅಂತ ಕೇಳ್ತಾನೆ. ‘ಕೊಡಲ್ಲ’ ಅಂದರೆ ‘ಯಾಕೆ ಕೊಡಲ್ಲ?’ ಅಂತಾನೆ. ‘ಲಭ್ಯವಿರುವುದಿಲ್ಲ’ಕ್ಕೆ ಏನು ಕೇಳೋದು? ಚಿಕ್ಕಪ್ಪ ಕಾಗದವನ್ನು ಎರಡು ಸಲ ಓದಿ ಕೇಳಿದ್ದು ಇಷ್ಟು: “ಇದು ಇಲ್ಲಾ ಅಂತಾನೋ, ಬ್ಯಾಡಾ ಅಂತಾನೋ?”

ಇಂಥ ಉತ್ತರದ ಹಿಂದೆ ಒಂದು ಕಾನೂನೂ ಇದೆ ಅನ್ನೋದನ್ನ ಒಪ್ಪಬೇಕು. ಸಿಬಿಎಸ್‌ಇ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕಚೇರಿ ತನ್ನ ಬಳಿ ಇರುವ ದಾಖಲೆ ಕೊಡಬೇಕು. ಇಟ್ಟುಕೊಳ್ಳಬೇಕೆಂದು ಯಾವ ಕಾನೂನೂ ಹೇಳದ ಮಾಹಿತಿಯನ್ನು ಅರ್ಜಿದಾರನಿಗಾಗಿ ಕಲೆಹಾಕಿ ಹೊಸದಾಗಿ ತಯಾರಿಸಿ ಕೊಡಬೇಕಿಲ್ಲ. ನೋಡೋಕೆ ನ್ಯಾಯವಾದ ಮಾತೇ. ಒಬ್ಬ ಗುಮಾಸ್ತ ನೂರು ಫೈಲು ಬಿಚ್ಚಿ ಪಟ್ಟಿ ಮಾಡುತ್ತಾ ಕೂರೋಕಾಗಲ್ಲ. ಆದರೆ ಫೈಲು ಕಂಪ್ಯೂಟರಿಗೆ ಹೋದ ಮೇಲೆ ಈ ಮಾತಿನ ಅರ್ಥವೇ ಬದಲಾಗುತ್ತೆ. ಡೇಟಾಬೇಸಿನಲ್ಲಿ ‘ಇರುವುದು’ ಅಂದರೆ ಏನು? ಟೇಬಲ್ಲಿನಲ್ಲಿ ಡೇಟಾ ಇದೆ, ರಿಪೋರ್ಟ್ ಬಟನ್ ಇಲ್ಲ. ಹಾಗಿದ್ದರೆ ಪಟ್ಟಿ ‘ಇದೆ’ಯೋ ‘ಇಲ್ಲ’ವೋ? ಕಚೇರಿಯಲ್ಲಿ ಕೂತ ಮನುಷ್ಯನಿಗೆ ಬಟನ್ ಇಲ್ಲದ್ದು ಇಲ್ಲದ್ದೇ. ಅಂದರೆ ಜನರಿಗೆ ಯಾವ ಮಾಹಿತಿ ‘ಅಸ್ತಿತ್ವದಲ್ಲಿದೆ’ ಅಂತ ಕೊನೆಗೆ ತೀರ್ಮಾನ ಮಾಡೋದು ಕೋರ್ಟೂ ಅಲ್ಲ, ಮಂತ್ರಿಯೂ ಅಲ್ಲ. ಆ ಸ್ಕ್ರೀನ್ ಡಿಸೈನ್ ಮಾಡಿದವನು.

ಆ ಸ್ಕ್ರೀನ್ ಡಿಸೈನ್ ಮಾಡಿದವರಲ್ಲಿ ನಾನೂ ಒಬ್ಬ.

2014ರಲ್ಲಿ ನಾನಿದ್ದ ಕಂಪನಿಗೆ ಒಂದು ಇಲಾಖೆಯ ಕಾಮಗಾರಿ ಬಿಲ್ಲುಗಳ ಸಾಫ್ಟ್‌ವೇರ್ ಪ್ರಾಜೆಕ್ಟ್ ಬಂದಿತ್ತು. ಹೆಸರುಗಳು ಬೇಡ. ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಅದೇ ಸಾಫ್ಟ್‌ವೇರ್. ರಿಕ್ವೈರ್‌ಮೆಂಟ್ ಪಟ್ಟಿಯಲ್ಲಿ ಒಂಬತ್ತು ಮಾಡ್ಯೂಲ್ ಇದ್ದವು. ಒಂಬತ್ತನೆಯದು ‘ಸಾರ್ವಜನಿಕ ವರದಿಗಳು’. ಊರಿನ ಹೆಸರು ಆರಿಸಿದರೆ ಅಲ್ಲಿನ ಕಾಮಗಾರಿ, ಅಂದಾಜು, ಅಳತೆ ದಿನಾಂಕ, ಬಿಲ್ ಮೊತ್ತ, ಪಾವತಿ ದಿನಾಂಕ ಯಾರಿಗೆ ಬೇಕಾದರೂ ಕಾಣಬೇಕು, ಲಾಗಿನ್ ಬೇಡ ಅಂತಿತ್ತು. ಉದ್ಘಾಟನೆ ದಿನಾಂಕ ಫಿಕ್ಸ್ ಆಗಿತ್ತು, ನಾವು ಮೂರು ವಾರ ಹಿಂದೆ ಇದ್ದೆವು. ಮೀಟಿಂಗಿನಲ್ಲಿ ಏನನ್ನ ಕೈಬಿಡೋಣ ಅಂತ ಪ್ರಶ್ನೆ ಬಂತು. “ಒಂಬತ್ತನೇದನ್ನ ಫೇಸ್ ಟೂಗೆ ಹಾಕೋಣ ಸಾರ್, ಅದಕ್ಕೆ ಯಾರೂ ಅರ್ಜೆಂಟ್ ಮಾಡಲ್ಲ” ಅಂದದ್ದು ನಾನು. ಅಧಿಕಾರಿಗಳು ತಲೆ ಆಡಿಸಿದರು. ಒಬ್ಬರು ನಿಟ್ಟುಸಿರು ಬಿಟ್ಟ ಹಾಗೂ ನೆನಪು. ಎಕ್ಸೆಲ್ಲಿನಲ್ಲಿ ಆ ಸಾಲಿಗೆ ಹಳದಿ ಬಣ್ಣ ತುಂಬಿದ್ದೂ ನಾನೇ.

ಆ ರೂಮಿನಲ್ಲಿ ಯಾರೂ ಕಳ್ಳರಿರಲಿಲ್ಲ. ಯಾರೂ ಏನನ್ನೂ ಮುಚ್ಚಿಡಬೇಕು ಅಂದುಕೊಂಡಿರಲಿಲ್ಲ. ಎಂಟು ಮಾಡ್ಯೂಲುಗಳಿಗೆ ಎಂಟು ಜನ ‘ಯೂಸರ್’ ಕೂತಿದ್ದರು: ಬಿಲ್ ಹಾಕುವವರು, ಚೆಕ್ ಮಾಡುವವರು, ಮಂಜೂರು ಮಾಡುವವರು. ಒಂಬತ್ತನೆಯದರ ಯೂಸರ್ ಕೆರೆ ಏರಿ ಮೇಲೆ ಎಮ್ಮೆ ಮೇಯಿಸ್ತಿದ್ದ. ಅವನನ್ನು ಮೀಟಿಂಗಿಗೆ ಯಾರೂ ಕರೆದಿರಲಿಲ್ಲ. ಅವನ ಅಣ್ಣನ ಮಗನೇ ಅಲ್ಲಿದ್ದ, ಅವನಿಗೂ ನೆನಪಾಗಲಿಲ್ಲ. ನಾನು ಆ ಕಂಪನಿ ಬಿಡುವವರೆಗೂ ಫೇಸ್ ಟೂ ಬರಲಿಲ್ಲ. ಐದು ವರ್ಷ ಆದಮೇಲೆ ‘ಲಭ್ಯವಿರುವುದಿಲ್ಲ’ ಅನ್ನುವ ಕಾಗದ ಚಿಕ್ಕಪ್ಪನ ಮನೆಗೆ ಬಂದಾಗ ಆ ಪಟ್ಟಿಗೆ ಬೇಕಾದ ಕಾಲಂಗಳ ಹೆಸರು ನನಗೆ ಬಾಯಿಪಾಠ ಇತ್ತು. ಏಳು ಸಾಲಿನ ಒಂದು ಕ್ವೆರಿ ಸಾಕಿತ್ತು. ಆ ದಿನ ಚಿಕ್ಕಪ್ಪನಿಗೆ ಅದನ್ನ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಇದು ನಮ್ಮ ಒಂದು ಪ್ರಾಜೆಕ್ಟಿನ ಕಥೆ ಮಾತ್ರ ಅಂದುಕೊಂಡಿದ್ದೆ. 2024ರಲ್ಲಿ ಅದೇ ಕಥೆಯನ್ನು ದೇಶವೇ ನೋಡಿತು. ಆ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡಿತು. ಕಾರಣ ಕೊಟ್ಟದ್ದು ಮತದಾರನ ಮಾಹಿತಿ ಹಕ್ಕು. ವಿವರ ಕೊಡಿ ಅಂದಾಗ ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಸಮಯ ಕೇಳಿತು. 22,217 ಬಾಂಡುಗಳು, ಕೊಂಡವರ ವಿವರ ಒಂದು ಕಡೆ, ನಗದು ಮಾಡಿಕೊಂಡ ಪಕ್ಷಗಳ ವಿವರ ಇನ್ನೊಂದು ಕಡೆ, ಎರಡನ್ನೂ ತಾಳೆ ಹಾಕೋದು ಸುಲಭ ಅಲ್ಲ ಅನ್ನೋದು ಅದರ ವಾದ. ಮಾರ್ಚ್ 11ರಂದು ಕೋರ್ಟ್ ಒಪ್ಪಲಿಲ್ಲ, ಮರುದಿನವೇ ಕೊಡಿ ಅಂದಿತು. ಬಾಂಡಿನ ನಂಬರುಗಳೂ ಸೇರಿದ ಪೂರ್ತಿ ವಿವರ ಮಾರ್ಚ್ 21ಕ್ಕೆ ಹೊರಬಂತು. ಅವತ್ತು ರಾತ್ರಿ ನಾನೂ ಎರಡು ಕಡತ ಇಳಿಸಿಕೊಂಡೆ. ನಮ್ಮ ಪದ್ಧತಿ ಪ್ರಕಾರ ಅವೂ ಪಿಡಿಎಫ್. ಪಿಡಿಎಫ್ಫಿನಿಂದ ಟೇಬಲ್ ಬಿಡಿಸೋಕೆ ಒಂದು ಗಂಟೆ ಹಿಡೀತು. ತಾಳೆ ಹಾಕೋಕೆ ಟೀ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ‘ಕ್ರೋಢೀಕರಿಸಲು ಅವಕಾಶವಿರುವುದಿಲ್ಲ’ ಅನ್ನೋದು ತಾಲ್ಲೂಕು ಮಟ್ಟದ ಮಾತಷ್ಟೇ ಅಲ್ಲ ಅಂತ ಅವತ್ತು ಗೊತ್ತಾಯ್ತು.

ಆರ್‌ಟಿಐ ಅಂದರೆ ಬ್ಲ್ಯಾಕ್‌ಮೇಲ್, ಅದನ್ನೇ ಕಸುಬು ಮಾಡಿಕೊಂಡವರಿದ್ದಾರೆ ಅನ್ನೋ ಮಾತು ನೀವೂ ಕೇಳಿರ್ತೀರಿ. ನಮ್ಮ ತಾಲ್ಲೂಕಿನಲ್ಲೂ ಅಂಥವರು ಇದ್ದಾರೆ. ವಿಸಿಟಿಂಗ್ ಕಾರ್ಡಿನಲ್ಲಿ ‘ಆರ್‌ಟಿಐ ಕಾರ್ಯಕರ್ತ’ ಅಂತ ಹಾಕಿಸಿಕೊಂಡು, ಅರ್ಜಿ ಹಾಕಿ, ಹದಿನೈದನೇ ದಿನ ‘ಮಾತಾಡೋಣ’ ಅಂತ ಫೋನ್ ಮಾಡುವವರು. ಸುಳ್ಳಲ್ಲ. ಆದರೆ ಯೋಚನೆ ಮಾಡಿ, ಡೈರಿ ಚೀಟಿ ಇಟ್ಟುಕೊಂಡು ಯಾರಾದರೂ ಯಾರನ್ನಾದರೂ ಬ್ಲ್ಯಾಕ್‌ಮೇಲ್ ಮಾಡೋಕಾಗುತ್ತಾ? ಎಲ್ಲರಿಗೂ ಕಾಣುವ ಮಾಹಿತಿಗೆ ಮಾರ್ಕೆಟ್ಟೇ ಇಲ್ಲ. ಒಬ್ಬನ ಕೈಗೆ ಮಾತ್ರ ಸಿಗುವ ಹಾಗಿದ್ದರೆ ಅದಕ್ಕೆ ಬೆಲೆ ಬರುತ್ತೆ. ಆ ಕಸುಬನ್ನು ಹುಟ್ಟಿಸಿದ್ದು ಸೆಕ್ಷನ್ 4ನ್ನು ಪಾಲಿಸದ ಕಚೇರಿಗಳೇ.

ಪ್ರಾಮಾಣಿಕವಾಗಿ ಕೇಳುವವನಿಗೂ ಇದೇ ಅಪಾಯ. ಅರ್ಜಿಯಲ್ಲಿ ಹೆಸರು, ವಿಳಾಸ ಇರುತ್ತೆ. ಮಾಹಿತಿಯನ್ನು ಇಡೀ ಊರು ನೋಡುವ ಬದಲು ಒಬ್ಬನೇ ಕೇಳಿ ತರಿಸಿಕೊಳ್ಳಬೇಕಾದಾಗ ಸಿಟ್ಟೂ ಆ ಒಬ್ಬನ ಮೇಲೇ ಬೀಳುತ್ತೆ. ಪುಣೆ ಹತ್ತಿರದ ತಳೇಗಾಂವ್‌ನ ಸತೀಶ್ ಶೆಟ್ಟಿ ಭೂ ವ್ಯವಹಾರಗಳ ದಾಖಲೆ ಹೊರತೆಗೆದವರು. 2010ರ ಜನವರಿಯಲ್ಲಿ ಬೆಳಗಿನ ವಾಕಿಂಗಿಗೆ ಹೋದವರನ್ನು ಕೊಂದರು. ಅರ್ಜಿ ಹಾಕಿಯೇ ತಗೊಳ್ಳಬೇಕು ಅನ್ನುವ ವ್ಯವಸ್ಥೆ ಧೈರ್ಯವಂತರನ್ನು ಒಬ್ಬೊಬ್ಬರನ್ನಾಗಿ ಸಾಲಿನಿಂದ ಹೊರಗೆ ನಿಲ್ಲಿಸುತ್ತೆ. ಚಿಕ್ಕಪ್ಪನಿಗೂ ಅಂಗಡಿ ಮುಂದೆ ಯಾರೋ ನಗುತ್ತಲೇ ಕೇಳಿದ್ದರಂತೆ, “ಏನ್ ಗೌಡ್ರೆ, ನಮ್ ಮೇಲೆಲ್ಲ ಆರ್‌ಟಿಐ ಹಾಕ್ತೀರಂತೆ?”

ಹೀಗಿರುವಾಗ ಕಾಯ್ದೆಯನ್ನು ಇನ್ನಷ್ಟು ತೆರೆಯಬೇಕಿತ್ತು. ನಡೆದದ್ದು ತಿರುಗಾಮುರುಗ. 2019ರ ತಿದ್ದುಪಡಿಯಲ್ಲಿ ಮಾಹಿತಿ ಆಯುಕ್ತರ ಅವಧಿ, ಸಂಬಳ ಎಷ್ಟು ಅನ್ನೋದನ್ನ ಕೇಂದ್ರ ಸರ್ಕಾರವೇ ನಿಗದಿ ಮಾಡುವ ಹಾಗಾಯ್ತು. ಅದಕ್ಕಿಂತ ದೊಡ್ಡದು ಸದ್ದಿಲ್ಲದೆ ಬಂತು. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರ 44(3)ನೇ ಸೆಕ್ಷನ್ ಮಾಹಿತಿ ಹಕ್ಕಿನ 8(1)(ಜೆ)ಯನ್ನು ಬದಲಾಯಿಸಿತು. 2025ರ ನವೆಂಬರಿನಲ್ಲಿ ಜಾರಿಗೂ ಬಂತು.

ಮೊದಲಿದ್ದ 8(1)(ಜೆ) ಉದ್ದವಾದ, ತೂಕದ ಕಲಂ. ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ ಅಥವಾ ಸುಮ್ಮಸುಮ್ಮನೆ ಖಾಸಗಿತನಕ್ಕೆ ಕೈಹಾಕುವ ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ, ಆದರೆ ಹೆಚ್ಚಿನ ಸಾರ್ವಜನಿಕ ಹಿತ ಇದ್ದರೆ ಕೊಡಬೇಕು ಅಂತಿತ್ತು. ಜೊತೆಗೆ ಒಂದು ಸೊಗಸಾದ ಮಾತು: ಸಂಸತ್ತಿಗೆ, ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವ ಹಾಗಿಲ್ಲ. ಈಗ ಆ ಜಾಗದಲ್ಲಿ ಇರೋದು ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ ಅನ್ನುವಷ್ಟೇ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅನ್ನುವ 8(2) ಇನ್ನೂ ಇದೆ, ನಿಜ. ಆದರೆ ತಾಲ್ಲೂಕು ಕಚೇರಿಯಲ್ಲಿ ಕೂತವರು ಸಾರ್ವಜನಿಕ ಹಿತ ತೂಗೋಕೆ ತಕ್ಕಡಿ ಹುಡುಕಲ್ಲ. ಕಾಗದದಲ್ಲಿ ಒಬ್ಬ ಮನುಷ್ಯನ ಹೆಸರಿದ್ದರೆ ಸಾಕು, ಉತ್ತರ ರೆಡಿ.

ಖಾಸಗಿತನ ಬೇಡ ಅಂತ ನಾನು ಹೇಳ್ತಿಲ್ಲ. ಅದು ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲೇ. ದಿನಕ್ಕೆ ಹತ್ತು ಸಲ ಸಾಲ ಬೇಕಾ ಅಂತ ಕಾಲ್ ಬರುವ ಈ ಕಾಲದಲ್ಲಿ ಡೇಟಾ ಕಾಯ್ದೆ ಬೇಕೇ ಬೇಕು. ಆದರೆ ನಮ್ಮ ಕಂಪ್ಯೂಟರೀಕರಣ ಯಾರ ಖಾಸಗಿತನವನ್ನು ಎಷ್ಟು ಕಾಪಾಡಿದೆ ಅಂತ ಒಂದು ಉದಾಹರಣೆ ನೋಡಿ. ಭೂಮಿ ಯೋಜನೆಯಿಂದ ಪಹಣಿ ಆನ್‌ಲೈನ್ ಆಗಿದೆ, ನಿಜಕ್ಕೂ ದೊಡ್ಡ ಕೆಲಸ. ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದರೆ ಚಿಕ್ಕಪ್ಪನ ಹೆಸರು, ಎಷ್ಟು ಎಕರೆ ಎಷ್ಟು ಗುಂಟೆ, 11ನೇ ಕಾಲಂನಲ್ಲಿ ಯಾವ ಬ್ಯಾಂಕಿನ ಸಾಲ, ಎಲ್ಲ ಬೆಂಗಳೂರಿನಲ್ಲಿ ಕೂತು ನೀವೂ ನೋಡಬಹುದು. ಅದರಿಂದ ಜಮೀನು ಕೊಳ್ಳುವವನಿಗೆ ಮೋಸ ತಪ್ಪುತ್ತೆ, ಸರಿ. ಹಾಗಾದರೆ ರೈತನ ಸಾಲ ಜಗತ್ತಿಗೇ ಕಾಣಬಹುದು, ಅದೇ ರೈತನ ಕೆರೆಯ ಬಿಲ್ ಪಡೆದ ಗುತ್ತಿಗೆದಾರನ ಹೆಸರು ‘ವೈಯಕ್ತಿಕ ಮಾಹಿತಿ’ ಆಗೋದು ಯಾವ ನ್ಯಾಯ? ಜನ ಸುನ್ವಾಯಿಗಳಲ್ಲಿ ಕಳ್ಳತನ ಸಿಕ್ಕಿದ್ದೇ ಹೆಸರು ಓದಿದ್ದರಿಂದ. ಹೆಸರು ತೆಗೆದ ಮಸ್ಟರ್ ರೋಲ್ ಓದಿದರೆ ಸತ್ತವರು ಯಾರು ಅಂತ ಗೊತ್ತಾಗೋದು ಹೇಗೆ?

ಕೆರೆ ಕಥೆ ಮುಗಿಸಿಬಿಡ್ತೀನಿ. ನಾವು ಮೊದಲ ಮೇಲ್ಮನವಿ ಹಾಕಿದೆವು. ಅದನ್ನ ನೋಡಿದ ಅಧಿಕಾರಿ ಒಳ್ಳೆಯವರು. ಪಟ್ಟಿ ಕೊಡಿಸೋಕಾಗಲ್ಲ, ಆದರೆ ಫೈಲು ಪರಿಶೀಲನೆಗೆ ಬನ್ನಿ ಅಂದರು. ಕಾಯ್ದೆಯ 2(ಜೆ)ಯಲ್ಲಿ ದಾಖಲೆಯನ್ನು ಕಣ್ಣಾರೆ ನೋಡುವ, ಟಿಪ್ಪಣಿ ಮಾಡಿಕೊಳ್ಳುವ ಹಕ್ಕೂ ಇದೆ. ಅರ್ಜಿ ಹಾಕಿದ 97ನೇ ದಿನ ಚಿಕ್ಕಪ್ಪ ಬಿಳಿ ಪಂಚೆ ಉಟ್ಟು ಆ ಕಚೇರಿಯಲ್ಲಿ ಕೂತು ಅಳತೆ ಪುಸ್ತಕ ಬಿಚ್ಚಿದ. ಸರಾಸರಿ ಆಳ 0.90 ಮೀಟರ್ ಅಂತ ಬರೆದಿತ್ತು. ಸುಮಾರು ಮೂರಡಿ ಅಂತ ನಾನು ಹೇಳಿದೆ. ಚಿಕ್ಕಪ್ಪ ಜೋರು ಮಾಡಲಿಲ್ಲ. ಮೆಲ್ಲಗೆ ನನಗೆ ಮಾತ್ರ ಕೇಳುವ ಹಾಗೆ, “ಮೂರಡಿ ತೆಗ್ದಿದ್ರೆ ಆ ತೂಬಿನ ಕಡೆ ನಮ್ಮೆಮ್ಮೆಗೆ ಮಂಡಿ ಮುಳುಗೋವಷ್ಟಾದ್ರೂ ನೀರು ನಿಲ್ಬೇಕಿತ್ತಲ್ಲಾ” ಅಂದ. ಅದು ಅವನ ಆಡಿಟ್.

ಪುಟಕ್ಕೆ ಎರಡು ರೂಪಾಯಿ ಕೊಟ್ಟು ನಕಲು ತಗೊಂಡು ಬಂದೆವು. ಮರುದಿನ ಬೆಳಗ್ಗೆ ಆ ನಾಲ್ಕು ಹಾಳೆ ಡೈರಿ ಗೋಡೆ ಮೇಲೆ, ಹಾಲಿನ ರೇಟಿನ ಬೋರ್ಡಿನ ಪಕ್ಕದಲ್ಲಿ ಅಂಟಿದ್ದವು. ಕ್ಯೂನಲ್ಲಿ ನಿಂತವರೆಲ್ಲ ಓದಿದರು. ಓದೋಕೆ ಬಾರದವರಿಗೆ ಹೈಸ್ಕೂಲ್ ಹುಡುಗಿಯೊಬ್ಬಳು ಓದಿ ಹೇಳಿದಳು. ನಮ್ಮೂರಿಗೆ ಸೆಕ್ಷನ್ 4 ಜಾರಿಗೆ ಬಂದದ್ದು ಹೀಗೆ, ಮೈದಾ ಅಂಟಿನಲ್ಲಿ. ಹೋದ ದುಡ್ಡು ವಾಪಸ್ ಬರಲಿಲ್ಲ. ಯಾರಿಗೂ ಶಿಕ್ಷೆ ಆಗಲಿಲ್ಲ. ಆದರೆ ಮುಂದಿನ ವರ್ಷ ಕೋಡಿ ರಿಪೇರಿಗೆ ಬಂದ ಗುತ್ತಿಗೆದಾರ ಕೆಲಸ ಶುರು ಮಾಡುವ ಮುಂಚೆ ಎಸ್ಟಿಮೇಟಿನ ಜೆರಾಕ್ಸ್ ಹಿಡಿದುಕೊಂಡು ತಾನೇ ಡೈರಿಗೆ ಬಂದಿದ್ದ. ಅವನನ್ನು ಯಾರೂ ಕೇಳಿರಲಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧ ಜನ ನನ್ನ ಹಾಗೆ ಸಾಫ್ಟ್‌ವೇರಿನವರೇ ಇರ್ತೀರಿ. ಸರ್ಕಾರಿ ಪ್ರಾಜೆಕ್ಟ್ ಮಾಡಿದವರೂ ಇರ್ತೀರಿ. ‘ಫೇಸ್ ಟೂ’ ಅನ್ನುವ ಹಳದಿ ಸಾಲು ನಿಮ್ಮ ಎಕ್ಸೆಲ್ಲಿನಲ್ಲೂ ಇರಬಹುದು. ಒಂದು ಪಬ್ಲಿಕ್ ಪೇಜು, ಲಾಗಿನ್ ಇಲ್ಲದ್ದು, ಸ್ಕ್ಯಾನ್ ಅಲ್ಲದ್ದು, ಯೂನಿಕೋಡ್ ಕನ್ನಡದ್ದು, ಮಾಡೋಕೆ ಎಷ್ಟು ದಿನ ಬೇಕು ಅಂತ ನಿಮಗೂ ಗೊತ್ತು. ಅದನ್ನ ಬಿಟ್ಟಾಗ ಏನು ಬಿಟ್ಟೆವು ಅಂತ ಮಾತ್ರ ನನಗೆ ಗೊತ್ತಿರಲಿಲ್ಲ.

ಹೋದ ತಿಂಗಳು ನಾನು ನನ್ನ ಜೀವನದ ಮೊದಲ ಆರ್‌ಟಿಐ ಅರ್ಜಿಯನ್ನು ನನ್ನ ಹೆಸರಿನಲ್ಲೇ ಹಾಕಿದೆ, ಅದೇ ಇಲಾಖೆಗೆ. ‘ಏಕೆ’ ಅಂತ ಕೇಳಿಲ್ಲ, ಕೇಳಿದರೆ ‘ಪ್ರಶ್ನಾರ್ಥಕ ರೂಪದಲ್ಲಿದೆ’ ಅಂತ ವಾಪಸ್ ಬರುತ್ತೆ. ನಕಲು ಕೇಳಿದ್ದೀನಿ: ಆ ಸಾಫ್ಟ್‌ವೇರಿನ ರಿಕ್ವೈರ್‌ಮೆಂಟ್ ಪಟ್ಟಿ, ಒಂಬತ್ತನೇ ಮಾಡ್ಯೂಲನ್ನು ಮುಂದೂಡಿದ ಸಭೆಯ ನಡಾವಳಿ, ಎರಡನೇ ಹಂತದ ಸದ್ಯದ ಸ್ಥಿತಿ ತೋರಿಸುವ ಕಡತದ ಪುಟಗಳು. ನಡಾವಳಿಯಲ್ಲಿ ನನ್ನ ಹೆಸರೂ ಇರಬೇಕು. ವೈಯಕ್ತಿಕ ಮಾಹಿತಿ ಅಂತ ಅದನ್ನ ಅಳಿಸಿ ಕೊಡಬೇಡಿ ಅಂತಲೂ ಬರೆದಿದ್ದೀನಿ. ಇವತ್ತಿಗೆ ಇಪ್ಪತ್ತೆರಡನೇ ದಿನ.

ಅರ್ಜಿ ಪೋಸ್ಟ್ ಮಾಡಿದ ಸಂಜೆ ಊರಿಗೆ ಫೋನ್ ಮಾಡಿ ಚಿಕ್ಕಪ್ಪನಿಗೆ ಎಲ್ಲ ಹೇಳಿದೆ. ಆ ಮೀಟಿಂಗು, ಫೇಸ್ ಟೂ, ಹಳದಿ ಸಾಲು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿದ್ದು ಕೇಳಿಸ್ತು. ಆಮೇಲೆ ಕೇಳಿದ:

“ನೂರೈವತ್ತು ಪದದೊಳ್ಗೆ ಐತೇನ್ಲಾ?”

ಇದೆ ಚಿಕ್ಕಪ್ಪ, ಎಣಿಸಿದ್ದೀನಿ ಅಂದೆ.